ವರ ನೋಡಲು ಹೊರಟ ದಿನ ನಿಂತ ಇಟಲಿ ಕಾರು

ಕೆಲವರ ಕಾರು ಪೆಟ್ರೋಲ್ ಹಾಕಿದರೆ ಓಡುತ್ತದೆ. ನನ್ನದು ಮನಸ್ಸು ಬಂದರೆ ಓಡುತ್ತದೆ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಅದಕ್ಕೆ ಮನಸ್ಸು ಬರಲಿಲ್ಲ. ಶಹಾಪುರದಿಂದ ಸುರಪುರಕ್ಕೆ ಹೊರಟಿದ್ದೆವು. ಹತ್ತಿಗೂಡೂರು ದಾಟಿ ಕೆನಾಲಿನ ಸೇತುವೆ ಇಳಿಯುತ್ತಿದ್ದಂತೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿತು. ಅದರ ಹಿಂದೆ ಒಂದು ಕೆಂಪು ದೀಪ. ಆಮೇಲೆ ದೀಪಾವಳಿ. ಎಂಜಿನ್ ಒಮ್ಮೆ ಸಣ್ಣಗೆ ಕೆಮ್ಮಿತು. ಅಷ್ಟೇ. ಎರಡೂ ಕಡೆ ತೆನೆ ಬಿಟ್ಟ ಭತ್ತದ ಗದ್ದೆ, ನಡುವೆ ರಸ್ತೆ, ರಸ್ತೆಯ ಅಂಚಿನಲ್ಲಿ ನನ್ನ ಕೆಂಪು ಇಟಲಿ ಕಾರು. ಫೋಟೋ ತೆಗೆದರೆ ಕ್ಯಾಲೆಂಡರಿಗೆ ಹಾಕಬಹುದಿತ್ತು.

ಪಕ್ಕದ ಸೀಟಿನಲ್ಲಿ ಇಳಕಲ್ ಸೀರೆ ಉಟ್ಟ ನನ್ನ ಅಕ್ಕ, ಕಸ್ತೂರಿ. ವರ ನೋಡಲು ಹೊರಟಿದ್ದಳು.

(ನೀವು ತಪ್ಪು ಓದಲಿಲ್ಲ. ವರ ನೋಡಲು. ಅಕ್ಕನ ವಯಸ್ಸು ನಲವತ್ತೇಳು. ಹೈಸ್ಕೂಲಿನ ಹೆಡ್‌ಮಿಸ್ಸು. ಗಂಡಿನವರು ಮನೆಗೆ ಬಂದು ತನ್ನನ್ನು ನೋಡುವುದು, ತಾನು ಟ್ರೇ ಹಿಡಿದು ನಿಲ್ಲುವುದು, ಇದೆಲ್ಲ ಇನ್ನು ಸಾಧ್ಯವಿಲ್ಲ, ನೋಡುವುದಿದ್ದರೆ ನಾನೇ ಹೋಗಿ ನೋಡುತ್ತೇನೆ ಅಂದಿದ್ದಳು.)

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ನಾನು ಹಲ್ಲಿನ ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಇನ್ನೊಬ್ಬರ ಬಾಯಿಯೊಳಗೆ ನೋಡುವವನಿಗೆ ದಿನದ ಕೊನೆಗೆ ಏನಾದರೂ ಚಂದದ್ದು ಕಣ್ಣಿಗೆ ಬೀಳಲಿ ಅನ್ನಿಸುತ್ತದೆ. ಹೈದರಾಬಾದಿನಲ್ಲಿ ಗೆಳೆಯನೊಬ್ಬ ಈ ಕಾರನ್ನು ಮಾರಲು ಇಟ್ಟಿದ್ದ. ದುಂಡನೆಯ ಹೆಡ್‌ಲೈಟು, ಬೆಕ್ಕಿನ ಬೆನ್ನಿನಂಥ ಬಾನೆಟ್ಟು, ಒಳಗೆ ಬಿಸ್ಕತ್ತಿನ ಬಣ್ಣದ ಸೀಟು. ಯಾಕೆ ಮಾರುತ್ತಿದ್ದೀ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮನಸ್ಸು ಕೊಟ್ಟವರು ಯಾರಾದರೂ ಅಂಥ ಪ್ರಶ್ನೆ ಕೇಳುತ್ತಾರಾ?

ಮನೆಗೆ ತಂದ ದಿನವೇ ನನ್ನ ಹೆಂಡತಿ ಸುಜಾತಾ ಅದರ ಸುತ್ತ ಒಂದು ಸುತ್ತು ಹಾಕಿ, "ಭಾಳ ಚಂದ ಅದ. ಈಗ ಓಡೂದು ಒಂದು ತಗೊಂಡ್ ಬರ್ರಿ" ಅಂದಳು.

ಅಂದಿನಿಂದ ಇಡೀ ಶಹಾಪುರಕ್ಕೆ ನನ್ನ ಕಾರಿನ ಆರೋಗ್ಯದ್ದೇ ಚಿಂತೆ. ಬಾಯಲ್ಲಿ ಹತ್ತಿ ತುರುಕಿದ್ದರೂ ಪೇಷಂಟುಗಳು ಬಿಡುವುದಿಲ್ಲ. "ಡಾಕ್ಟ್ರ, ಗಾಡಿ ಕಾಣವಲ್ದು? ಮತ್ತ ಗ್ಯಾರೇಜಿಗಿ ಹೋಗ್ಯಾದೇನ್ರಿ?" ಹೋಗಿರುತ್ತದೆ. ಒಂದು ಸಣ್ಣ ರಬ್ಬರ್ ಪೈಪು ಪುಣೆಯಿಂದ ಬರುವವರೆಗೆ ಅದು ಗ್ಯಾರೇಜಿನ ಬೇವಿನ ಮರದ ಕೆಳಗೆ ರಾಣಿಯ ಹಾಗೆ ಕೂತಿರುತ್ತದೆ. ನನಗೆ ಬೇಸರವಿಲ್ಲ. ಹೋಗುವಾಗ ಬರುವಾಗ ನೋಡಿಕೊಂಡು ಬರುತ್ತೇನೆ.

ಇನ್ನು ಅಕ್ಕನ ವಿಷಯ. ಆಕೆ ಯಾಕೆ ಮದುವೆಯಾಗಲಿಲ್ಲ ಎಂಬುದಕ್ಕೆ ನಮ್ಮ ಊರಲ್ಲಿ ಹಲವು ಕಥೆಗಳಿವೆ. ಯಾರನ್ನೋ ಪ್ರೀತಿಸಿದ್ದಳಂತೆ, ಜಾತಕದಲ್ಲಿ ದೋಷವಂತೆ, ನಮ್ಮನ್ನೆಲ್ಲ ಓದಿಸಲು ತ್ಯಾಗ ಮಾಡಿದಳಂತೆ. (ನನ್ನನ್ನು ಓದಿಸಿದ್ದು ಅಪ್ಪ. ದಯವಿಟ್ಟು ಅವರ ಹೆಸರು ಕೆಡಿಸಬೇಡಿ.) ನಿಜ ಏನೆಂದರೆ ಅಕ್ಕನಿಗೆ ಯಾರೂ ಹಿಡಿಸಲಿಲ್ಲ. ಬಂದವರೆಲ್ಲ ಕೂತ ಹತ್ತು ನಿಮಿಷಕ್ಕೆ ಆಕೆಗೆ ಪಾಠ ಹೇಳಲು ಶುರು ಮಾಡುತ್ತಿದ್ದರು. ಶಾಲೆ ಹೇಗೆ ನಡೆಸಬೇಕು, ನೌಕರಿ ಯಾಕೆ ಬಿಡಬೇಕು, ಇತ್ಯಾದಿ. ಅಕ್ಕ ಕೇಳಿಸಿಕೊಂಡು ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋದರೆ ಮುಗಿಯಿತು.

ಈ ಸಲದ ವರ ಚನ್ನಬಸಪ್ಪ. ಸುರಪುರದವರು, ಭೀಮರಾಯನಗುಡಿಯ ಕೆನಾಲಿನ ಆಫೀಸಿನಲ್ಲಿ ಗುಮಾಸ್ತರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳಿಗೆ ಮದುವೆಯಾಗಿತ್ತು. ಆ ಮಗಳೇ ಅಪ್ಪನಿಗೆ ಸಂಬಂಧ ಹುಡುಕುತ್ತಿದ್ದಳು. ಅಕ್ಕ ಒಪ್ಪಿ ಹೊರಟಳೇನೋ ನಿಜ, ಆದರೆ ಕಾರು ಹತ್ತುವಾಗಲೇ ಹೇಳಿದ್ದಳು: "ಇದು ಕಡೀದು ನೋಡು. ಇದಾದ ಮ್ಯಾಲ ಯಾರ ಹೆಸರೂ ತರಬ್ಯಾಡ. ನಾ ಆರಾಮ ಅದೀನಿ." ಇನ್ನೊಂದು ಷರತ್ತೂ ಇತ್ತು. ಇದು ಊರಿಗೆ ಗೊತ್ತಾಗಬಾರದು.

ಗುಟ್ಟಾಗಿ ಹೋಗಬೇಕಾದವರು ಜಿಲ್ಲೆಗೇ ಒಂದಿರುವ ಕೆಂಪು ಕಾರಿನಲ್ಲಿ ಯಾರಾದರೂ ಹೋಗುತ್ತಾರಾ? ನಾವು ಹೋದೆವು. ಮತ್ತು ನಡುರಸ್ತೆಯಲ್ಲಿ ನಿಂತೆವು.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಆತ ಸೈದಾಪುರದಲ್ಲಿ ಯಾವುದೋ ಮದುವೆಯ ಊಟಕ್ಕೆ ಕೂತಿದ್ದ. "ಸಂಜಿಗಿ ಬರ್ತೀನ್ರಿ ಸಾಬ್, ನೀವು ಬಾನೆಟ್ ತೆರದು ಬಿಡ್ರಿ, ಜರಾ ಗಾಳಿ ಆಡ್ಲಿ" ಅಂದ. ತೆರೆದೆ. ಅದೇ ತಪ್ಪಾಯಿತು. ನಮ್ಮ ಕಡೆ ತೆರೆದ ಬಾನೆಟ್ಟು ಅಂದರೆ ಬಹಿರಂಗ ಸಭೆಗೆ ಆಮಂತ್ರಣ.

ಮೊದಲು ಬೈಕಿನವರಿಬ್ಬರು ಇಳಿದರು. ಪ್ಲಗ್ಗು ಹೋಗಿದೆ ಅಂದರು. ಭತ್ತಕ್ಕೆ ಔಷಧ ಹೊಡೆಯುತ್ತಿದ್ದವನು ಬೆನ್ನಿನ ಪಂಪು ಇಳಿಸಿ ಬಂದು ಬ್ಯಾಟರಿ ಅಂದ. ಟ್ರ್ಯಾಕ್ಟರಿನವನು ಕೆಳಗಿಳಿಯದೆ ಮೇಲಿನಿಂದಲೇ ನೋಡಿ, "ಪೆಟ್ರೋಲ್ ಅದನೋ ಇಲ್ಲೋ ನೋಡ್ರಿ ಮೊದಲ" ಅಂದ. ಬಿಳಿ ಟೋಪಿಯ ಹಿರಿಯರೊಬ್ಬರು ಕಾರಿನ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡಿದರು. "ಇಷ್ಟ್ ಓದೀರಿ. ಇಂಥಾದ್ದು ಯಾಕ ತಗೊಂಡ್ರಿ? ನಮ್ಮ ಜೀಪ್ ನೋಡ್ರಿ, ಕೆನಾಲಿನ್ಯಾಗ ಇಳಿಸಿದ್ರೂ ಎದ್ದು ಬರ್ತದ."

ಅಕ್ಕ ಕಾರಿನಿಂದ ಇಳಿದು ಸೇತುವೆಯ ಕಟ್ಟೆಯ ಮೇಲೆ ಕೂತಳು. ಕೆನಾಲಿನಲ್ಲಿ ನೀರು ತುಂಬಿ ಹೋಗುತ್ತಿತ್ತು. ಮುಖ ನೋಡಿದೆ. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು. ಇದು ಬೇರೆ ಥರ. "ಆಗೂದು ಇರಲಿಲ್ಲ ಬಿಡು. ಯಾವುದಾರ ಬಸ್ ಬಂದ್ರ ನಾ ವಾಪಸ್ ಹೋಗ್ತೀನಿ" ಅಂದಳು. ಮೊದಲ ಬಾರಿಗೆ ನನಗೆ ಆ ಕಾರಿನ ಮೇಲೆ ನಿಜವಾಗಿಯೂ ಕೋಪ ಬಂತು. ಟಯರಿಗೆ ಒದೆಯೋಣ ಅನ್ನಿಸಿತು. (ಒದೆಯಲಿಲ್ಲ. ಅದೂ ಇಟಲಿಯದು. ಮತ್ತೆಲ್ಲಿ ಸಿಗಬೇಕು?)

ಬಸ್ಸು ಬರಲಿಲ್ಲ. ಚನ್ನಬಸಪ್ಪನವರು ಬಂದರು.

ತಡವಾಗುತ್ತದೆ ಎಂದು ಅವರಿಗೆ ಫೋನ್ ಮಾಡಿದ್ದೆ. ಬನ್ನಿ ಎಂದು ಕರೆದಿರಲಿಲ್ಲ. ಹಳೆಯ ಸ್ಕೂಟರಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಾಲಿನ ನಡುವೆ ಒಂದು ಟಿಫಿನ್ ಕ್ಯಾರಿಯರ್ ಇಟ್ಟುಕೊಂಡು ಬಂದರು. "ಮಗಳು ನಿಮಗಂತ ಸುಸಲಾ, ಮಿರ್ಚಿ ಮಾಡ್ಯಾಳ್ರಿ. ನೀವು ಬರೂತನ ಆರ್ತಾವಂತ ತಂದೀನಿ" ಅಂದರು. ಮಂಡಕ್ಕಿ ಸುಸಲಾ ಇನ್ನೂ ಬಿಸಿ ಇತ್ತು.

ಕಟ್ಟೆಯ ಮೇಲೆ ಮೂವರೂ ಕೂತೆವು. ಸಭೆ ಇನ್ನೂ ಚದುರಿರಲಿಲ್ಲ. ಜೀಪಿನ ಹಿರಿಯರು ಚನ್ನಬಸಪ್ಪನವರನ್ನೂ ಕರೆದರು. "ನೀವರ ಹೇಳ್ರಿ ಸಾಹೇಬ್ರ, ಏನಾಗಿರಬೇಕು ಇದಕ್ಕ?"

ಚನ್ನಬಸಪ್ಪ ಎದ್ದು ಹೋಗಿ ಬಾನೆಟ್ಟಿನೊಳಗೆ ನೋಡಿದರು. ಚೆನ್ನಾಗಿಯೇ ನೋಡಿದರು. ವಾಪಸು ಬಂದು ಕೂತು ಹೇಳಿದರು: "ನನಗ ಗೊತ್ತಿಲ್ರಿ."

ಅಕ್ಕ ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ಅವರ ಕಡೆ ತಿರುಗಿದಳು. "ಏನೂ ಹೇಳಂಗಿಲ್ಲೇನ್ರಿ? ಎಲ್ಲಾರೂ ಒಂದೊಂದು ಹೇಳ್ಯಾರ."

"ಗೊತ್ತಿಲ್ಲದ್ದು ಏನ್ ಹೇಳೂದ್ರಿ? ಗಾಡಿ ಮಾತ್ರ ಭಾಳ ಛಲೋ ಅದ. ನಿಂತದ, ಅಷ್ಟ."

ಅಕ್ಕ ನಕ್ಕಳು. ಶಾಲೆಯಲ್ಲಿ ನಗುವ ನಗೆಯಲ್ಲ. ನಾನು ಚಿಕ್ಕವನಿದ್ದಾಗ ಕೇಳಿದ್ದ ನಗೆ.

ಅಷ್ಟರಲ್ಲಿ ಇನ್ನೊಂದು ಬೈಕು ನಿಂತಿತು. ನಮ್ಮ ಓಣಿಯವನೇ, ಕಿರಾಣಿ ಅಂಗಡಿಯವನು. ಊರಿನ ಸುದ್ದಿಯೆಲ್ಲ ಅವನ ಅಂಗಡಿಯಲ್ಲೇ ತೂಕವಾಗುವುದು. ಕಾರು ನೋಡಿದ. ಅಕ್ಕನ ಸೀರೆ ನೋಡಿದ. ಚನ್ನಬಸಪ್ಪನವರ ಇಸ್ತ್ರಿ ನೋಡಿದ. ಟಿಫಿನ್ ಕ್ಯಾರಿಯರ್ ನೋಡಿದ. "ಎಲ್ಲಿಗಿ ಹೊಂಟಿದ್ರಿ ಮೇಡಂ?"

ನಾನು ಸುಳ್ಳು ಹುಡುಕತೊಡಗಿದೆ. ಬೋನಾಳದ ಕೆರೆಗೆ ಹಕ್ಕಿ ನೋಡಲು ಅನ್ನಲೇ? ತಿಂಥಣಿಗೆ ಕಾಯಿ ಒಡೆಸಲು ಅನ್ನಲೇ?

ಅಕ್ಕ ಕೈ ಒರೆಸಿಕೊಂಡು ಹೇಳಿದಳು: "ವರ ನೋಡಾಕ."

ಕಿರಾಣಿಯವನ ಬಾಯಿ ತೆರೆದೇ ಇತ್ತು. (ವೃತ್ತಿಯ ಚಟ, ಎಡಗಡೆಯ ದವಡೆಯಲ್ಲೊಂದು ಹುಳುಕು ಕಂಡಿತು.) ಆಗ ಚನ್ನಬಸಪ್ಪನವರು ಕಿವಿಯವರೆಗೆ ಕೆಂಪಾಗಿ, ಎದ್ದು ನಿಂತು, ಎರಡೂ ಕೈ ಮುಗಿದರು. "ಆ ವರ ನಾನ ರೀ. ಬರ್ರಿ, ಸುಸಲಾ ತಿನ್ನ ಬರ್ರಿ."

ಆತ ತಿನ್ನಲಿಲ್ಲ. ಬೈಕು ತಿರುಗಿಸಿ ಶಹಾಪುರದ ಕಡೆ ಹೊರಟ. ಸುರಪುರಕ್ಕೆ ಹೊರಟಿದ್ದವನು!

ಆಮೇಲೆ ಬೇಕಾದ ಮಾತು ತಾನೇ ಬಂತು. ನಾನು ಕಾರಿನ ಹತ್ತಿರ ಹೋಗಿ ಏನೋ ಹುಡುಕುವವನಂತೆ ಬಗ್ಗಿದೆ. ಆದರೂ ಎಲ್ಲ ಕೇಳಿಸುತ್ತಿತ್ತು.

"ನಾ ಸಾಲಿ ಬಿಡಂಗಿಲ್ಲ. ಶಹಾಪುರನೂ ಬಿಡಂಗಿಲ್ಲ," ಅಂದಳು ಅಕ್ಕ.

ಚನ್ನಬಸಪ್ಪ ಟಿಫಿನ್ ಕ್ಯಾರಿಯರಿನ ಮುಚ್ಚಳ ಹಾಕಿದರು. ಮಾತು ಇಲ್ಲಿಗೆ ಬಂದಾಗಲೇ ಹತ್ತಾರು ಗಂಡಸರು ಪಾಠ ಶುರು ಮಾಡಿದ್ದರು.

"ನನ್ನ ಆಫೀಸು ಸುರಪುರಕ್ಕಿಂತ ಶಹಾಪುರಕ್ಕೇ ಹತ್ರ ಆಗ್ತದ್ರಿ," ಅಂದರು. "ಇಷ್ಟು ವರ್ಷ ಸುಮ್ಮನ ದೂರದಿಂದ ಓಡ್ಯಾಡಾಕತ್ತೀನಿ. ಆದ್ರ ಒಂದು ಮಾತು. ಮನ್ಯಾಗ ತೀರಿಹೋದಾಕಿ ಫೋಟೋ ಅದ. ಅದು ನನ್ನ ಕೂಡ ಬರ್ತದ."

"ಬರ್ಲಿ. ಬರಲಾರ್ದಂಗ ಹ್ಯಾಂಗ?" ಅಂದಳು ಅಕ್ಕ.

ನಾನು ಇಲ್ಲದ ಪ್ಲಗ್ಗನ್ನು ಹುಡುಕುತ್ತ ಕಣ್ಣು ಒರೆಸಿಕೊಂಡೆ.

ಟ್ರ್ಯಾಕ್ಟರಿನವನೇ ಹಗ್ಗ ಕಟ್ಟಿ ನನ್ನ ಕಾರನ್ನು ಸುರಪುರಕ್ಕೆ ಎಳೆದೊಯ್ದ. ಅಕ್ಕ ಸ್ಕೂಟರಿನ ಹಿಂದೆ ಕೂತಳು. ನಾನು ಸ್ಟೇರಿಂಗ್ ಹಿಡಿದು ಮುಂದೆ ನೋಡಿದರೆ ಟ್ರ್ಯಾಕ್ಟರ್, ಪಕ್ಕದಲ್ಲಿ ನೋಡಿದರೆ ಸ್ಕೂಟರ್. ಪೇಟೆ ಹೊಕ್ಕಾಗ ಅಂಗಡಿಗಳವರೆಲ್ಲ ಹೊರಗೆ ಬಂದರು. ಕಾರು ನೋಡಲೋ ಅಕ್ಕನನ್ನು ನೋಡಲೋ ಗೊತ್ತಿಲ್ಲ. ಅಕ್ಕ ಮಾತ್ರ ಸೆರಗು ಬಿಗಿಯಾಗಿ ಹಿಡಿದು ನೇರ ಮುಂದೆ ನೋಡುತ್ತಿದ್ದಳು. ಮರುದಿನ ಮೆಕ್ಯಾನಿಕ್ ಬಂದು ಎಲ್ಲೋ ಸಡಿಲವಾಗಿದ್ದ ಒಂದು ವೈರನ್ನು ಬೆರಳಿನಿಂದ ಒತ್ತಿದನಂತೆ. ಕಾರು ಏನೂ ಆಗದ ಹಾಗೆ ಹೊರಟಿತಂತೆ.

ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಾಯಿತು. ಸಾಕ್ಷಿಗೆ ಚನ್ನಬಸಪ್ಪನವರ ಮಗಳು, ಸುಜಾತಾ ಮತ್ತು ನಾನು ಸಹಿ ಹಾಕಿದೆವು. ಊರು ಕೆಲವು ದಿನ ಮಾತಾಡಿತು. ನಲವತ್ತೇಳಕ್ಕೆ ಇದೆಲ್ಲ ಬೇಕಿತ್ತೇ ಅಂದಿತು. ಯೋಚಿಸಿ ನೋಡಿ, ಕಾರು ನಿಂತಾಗ ಸಲಹೆ ಕೊಡುವವರು ಹಾಗೂ ಒಂಟಿ ಹೆಂಗಸಿಗೆ ಸಲಹೆ ಕೊಡುವವರು ಹೆಚ್ಚುಕಡಿಮೆ ಒಂದೇ ಜನ ಅಲ್ಲವೇ? ಇಬ್ಬರಿಗೂ ಒಳಗೆ ಏನಾಗಿದೆ ಎಂಬುದು ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರುವುದಿಲ್ಲ.

ಕಾರನ್ನು ಮಾರಿಬಿಡು ಎಂದು ಗೆಳೆಯರು ಇಂದಿಗೂ ಹೇಳುತ್ತಾರೆ. ಮಾರುವುದಿಲ್ಲ. ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕಿ ಹೊರಗೆ ಬಂದಾಗ ಅದು ನಿಂತಿರುವ ಭಂಗಿ ನೋಡಿದರೆ ನನ್ನ ದಣಿವು ಇಳಿಯುತ್ತದೆ. ಇನ್ನೇನು ಬೇಕು?

ಹೋದ ವಾರ ಅಕ್ಕ, ಚನ್ನಬಸಪ್ಪ ಮಾಮ ಇಬ್ಬರೂ ಬಂದಿದ್ದರು. ತಿಂಥಣಿಗೆ ಹೋಗಿ, ಹೊಳೆ ನೋಡಿ ಬರುತ್ತೇವೆ, ಕಾರು ಕೊಡು ಅಂದರು. ನಾನೇ ಹೆದರಿದೆ. "ಬಸ್ಸಿಗಿ ಹೋಗ್ರಿ ಅಕ್ಕ. ಎಲ್ಲ್ಯಾರ ನಡು ದಾರ್ಯಾಗ ನಿಂತ್ರ?"

ಅಕ್ಕ ಕೀಲಿಕೈ ತೆಗೆದುಕೊಂಡು ಮಾಮನ ಕೈಗೆ ಕೊಟ್ಟಳು.

"ನಿಂತ್ರ ನಿಲ್ಲಲಿ. ನಮಗೇನು ಅವಸರ ಅದ?"