ಗ್ಯಾಸ್ ಉರಿಯ ಮೇಲೆ ಕೋವಿಮದ್ದಿನ ಅಳತೆ

ಎಡಪ್ಪಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ನಿನ್ನೆ ಒಂದು ಹಿತ್ತಾಳೆ ಕೊಳವೆ ಕಂಡೆ. ಕೋವಿಗೆ ಹಾಕುವ ಮದ್ದನ್ನು ಅಳೆಯುವ ಹಳೇ ಕಾಲದ ಅಳತೆ. ನೋಡಿದ್ದೇ ಅಲ್ಲೇ ನಿಂತುಬಿಟ್ಟೆ.

ನಾವು ತಿರುವನಂತಪುರದಲ್ಲಿದ್ದಾಗ ಅಮ್ಮನ ಅಪ್ಪ ಕೊಡಗಿನಿಂದ ಬಂದು ನಮ್ಮ ಜೊತೆಗೇ ಉಳಿದರು. ಕೋವಿಯನ್ನು ಊರಲ್ಲೇ ಬಿಟ್ಟು, ಅಂಥದ್ದೊಂದು ಅಳತೆಯನ್ನು ಮಾತ್ರ ತಂದಿದ್ದರು. ಅಳತೆ ಹೆಚ್ಚುಕಡಿಮೆ ಮಾಡಲು ಎಳೆಯುವ ಒಳಗಿನ ಕಡ್ಡಿ ಕಿಲುಬು ಹಿಡಿದು ಅಲ್ಲಾಡುತ್ತಿರಲಿಲ್ಲ. ಅಜ್ಜ ದಿನಾ ಹುಣಸೆಹಣ್ಣು ಹಚ್ಚಿ ಹೊರಗೆಲ್ಲ ತಿಕ್ಕುತ್ತಿದ್ದರು. ನಾನದನ್ನು ಪೀಪಿ ಮಾಡಿಕೊಂಡು ಊದುತ್ತಿದ್ದೆ.

ಒಂದು ಬೆಳಿಗ್ಗೆ ಅಮ್ಮ ಅದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಹಚ್ಚಿದಳು.

"ಸ್ವಲ್ಪ ಕಾಯಿಸಿದ್ರೆ ಸಡಿಲ ಆಗುತ್ತೆ, ಅಪ್ಪಾ."

ಕೋಲಿಲ್ಲದೆ ನಡೆಯದ ಅಜ್ಜ ಓಡಿಬಂದರು. ಬರಿಗೈಯಲ್ಲೇ ಅದನ್ನು ಉರಿಯಿಂದ ಕಿತ್ತು ನೀರಿನ ಬಕೆಟ್ಟಿಗೆ ಎಸೆದರು. ನೋಡನೋಡುತ್ತಲೇ ನೀರು ಕಪ್ಪಾಯಿತು.

"ಒಳಗೆ ಮದ್ದಿತ್ತಾ?" ಅಮ್ಮ ಗ್ಯಾಸ್ ಆರಿಸುತ್ತ ಕೇಳಿದಳು.

"ಖಾಲಿ ಮಾಡಿದ್ದೀನಿ ಅಂದ್ಕೊಂಡಿದ್ದೆ ಮಗಳೇ. ಉರಿ ಕಂಡಾಗಲೇ ಅನುಮಾನ ಬಂದಿದ್ದು."

ಅಜ್ಜ ಸುಟ್ಟ ಅಂಗೈಯನ್ನು ನೋಡಿಕೊಳ್ಳಲೇ ಇಲ್ಲ. ನನ್ನನ್ನು ಹತ್ತಿರ ಎಳೆದುಕೊಂಡು, ಒದ್ದೆ ಪಂಚೆಯ ತುದಿಯಿಂದ ನನ್ನ ತುಟಿಗಳನ್ನು ಒರೆಸುತ್ತಲೇ ಇದ್ದರು.

"ಚೆನ್ನಾಗಿ ತೊಳೆದಿಟ್ಟಿದ್ದೇನೆ ಚೇಚ್ಚಿ, ಹಿಡಿದು ನೋಡಿ" ಎಂದು ನಿನ್ನೆ ಆ ಅಂಗಡಿಯವನು ಕೊಳವೆಯನ್ನು ಮುಂದೆ ಚಾಚಿದ. ನನ್ನ ಕೈ ಮೇಲೇಳಲೇ ಇಲ್ಲ.