ವಿಗ್ಗು ಬೇಡದ ರಾಜಕುಮಾರಿ

ನನ್ನ ಮಗಳಿಗೆ ಕಾರ್ಟೂನ್ ಸಿನಿಮಾಗಳ ಹುಚ್ಚು. ನಾವು ಸಿದ್ದಿಗಳು, ಊರು ಹಳಿಯಾಳ ತಾಲೂಕಿನ ಸಾಂಬ್ರಾಣಿಯ ಹತ್ತಿರ. ನಾನು ಹಳಿಯಾಳದ ಹೊಲಿಗೆ ಅಂಗಡಿಗೆ ಹೊರಟಾಗ ಅವಳೂ ಅದೇ ಬಸ್ಸಿನಲ್ಲಿ ಪೇಟೆಯ ಶಾಲೆಗೆ ಬರುತ್ತಾಳೆ. ರವಿವಾರ ಬಂತೆಂದರೆ ಟಿವಿ ಪೂರ್ತಿ ಅವಳದೇ. ಮಾತಾಡುವ ಜಿಂಕೆ, ಹಾರುವ ದೋಣಿ, ಮಂಜಿನ ಕೋಟೆ, ಎಲ್ಲವನ್ನೂ ಅವಳು ನಂಬುತ್ತಿದ್ದಳು.

ಒಂದು ದಿನ ಕೇಳಿದಳು: “ಅವ್ವಾ, ಇದರಾಗ ಗಿಡಾನೂ ನಡದಾಡ್ತಾವ. ನಮ್ಮಂಥಾ ಹುಡುಗಿ ಯಾಕ ಒಬ್ಬಾಕಿನೂ ಇಲ್ಲ?”

ಕಪ್ಪು ಮೈಯವರು ಇರುತ್ತಿದ್ದರು, ಮಾಟಗಾತಿಯ ಕೋಟೆ ಕಾಯುವುದಕ್ಕೆ.

ಆಮೇಲೊಂದು ಸಿನಿಮಾ ಬಂತು. ಕಾಡಿನ ರಾಜಕುಮಾರಿಯದು. ಮೈಬಣ್ಣ ನಮ್ಮದೇ, ತಲೆಯ ತುಂಬ ಗುಂಗುರು ಕೂದಲು. ಮಗಳು ಟಿವಿಗೆ ಅಂಟಿಕೊಂಡೇ ಕೂತಳು. ಎಷ್ಟು ಸಲ ನೋಡಿದಳೋ, ಮಾತುಗಳೆಲ್ಲ ಬಾಯಿಪಾಠವಾದವು. ಶಾಲೆಯ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಅದೇ ಕಥೆಯನ್ನು ನಾಟಕ ಮಾಡುತ್ತಾರೆಂದು ತಿಳಿದ ದಿನ ಬಸ್ಸಿನಲ್ಲಿ ಅವಳ ಬಾಯಿ ನಿಲ್ಲಲೇ ಇಲ್ಲ.

ಪಾತ್ರ ಹಂಚಿದ ದಿನ ಮಾತ್ರ ಹೆಗಲಿನ ಚೀಲ ಕೂಡ ಇಳಿಸದೆ ಬಂದು ನನ್ನ ಮಶಿನ್ ಪಕ್ಕ ಕೂತಳು. ರಾಜಕುಮಾರಿಯ ಪಾತ್ರ ಅವಳ ತರಗತಿಯ ಬೆಳ್ಳಗಿನ ಹುಡುಗಿಗೆ ಸಿಕ್ಕಿತ್ತು. ಆ ಹುಡುಗಿಯದು ನುಣುಪು ಕೂದಲು, ಅದಕ್ಕೆಂದು ಹುಬ್ಬಳ್ಳಿಯಿಂದ ಗುಂಗುರು ವಿಗ್ಗು ತರಿಸುತ್ತಾರಂತೆ. ನನ್ನ ಮಗಳಿಗೆ ರಾಕ್ಷಸರ ಗುಂಪಿನಲ್ಲಿ ಜಾಗ.

ಮರುದಿನ ಅವಳ ಕೈ ಹಿಡಿದು ಸೀದಾ ನಾಟಕ ಕಲಿಸುವ ಟೀಚರ ಹತ್ತಿರ ಹೋದೆ.

“ಕೂದಲಾ ಹುಬ್ಬಳ್ಳಿಂದ ಯಾಕ ತರಸ್ತೀರಿ? ಇಲ್ಲೇ ಐತಲ್ರಿ,” ಅಂದೆ.

ಟೀಚರು ಮುಜುಗರಪಟ್ಟರು. “ಹಂಗಲ್ಲರೀ. ರಾಜಕುಮಾರಿ ಅಂದ್ರ ಸ್ವಲ್ಪ ನೋಡಾಕ... ಬೇಕಾದ್ರ ನಿಮ್ಮ ಹುಡುಗಿದು ಬ್ಯಾರೆ ಡಾನ್ಸ್ ಇಡೂಣು. ಸೊಪ್ಪಿನ ಡ್ರೆಸ್ ಹಾಕಿ, ನಿಮ್ಮ ಡಮಾಮಿ ಕುಣತ. ಮಂದಿಗೆ ಭಾಳ ಸೇರತೈತಿ.”

ಡಮಾಮಿ ನಮ್ಮ ಹಬ್ಬದ ಕುಣಿತ. ಅದರ ಮೇಲೆ ನನಗೆ ಪ್ರೀತಿಯಿದೆ. ಆದರೆ ನಾನು ಸಣ್ಣವಳಿದ್ದಾಗ ಯಾವ ದೊಡ್ಡ ಮನುಷ್ಯರು ಶಾಲೆಗೆ ಬಂದರೂ ನಮಗೆ ಸೊಪ್ಪು ಕಟ್ಟಿ ಕುಣಿಸುತ್ತಿದ್ದರು.

“ಅದನ್ನ ನಾವು ನಮ್ಮ ಹಬ್ಬಕ್ಕ ಕುಣೀತೇವಿ. ಅಕಿ ಇಲ್ಲಿ ಕುಣಿಯಾಕ ಬಂದಿಲ್ಲ, ಮಾತಾಡಾಕ ಬಂದಾಳ.”

“ಮಾತು ಭಾಳ ಉದ್ದ ಅದಾವರೀ. ಮನ್ಯಾಗ ನಿಮ್ಮದು ಕೊಂಕಣಿ...”

ಅವರು ಮುಗಿಸುವ ಮೊದಲೇ ಮಗಳು ನನ್ನ ಕೈ ಬಿಟ್ಟು ಮುಂದೆ ಹೋಗಿ ನಿಂತಳು. ರಾಜಕುಮಾರಿಯ ಮಾತುಗಳನ್ನಷ್ಟೇ ಅಲ್ಲ, ಮಾಟಗಾತಿಯದನ್ನೂ ಜಿಂಕೆಯದನ್ನೂ ದನಿ ಬದಲಿಸಿ ಹೇಳಿದಳು. ಪಕ್ಕದ ಮೇಜಿನಲ್ಲಿದ್ದ ಮೇಷ್ಟ್ರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. “ಟೀಚರ, ಈಕಿನ್ನ ಬಿಟ್ಟು ಮತ್ತ್ಯಾರನ್ನ ಹುಡುಕ್ತೀರಿ?” ಅಂದರು. ಟೀಚರು ಪಾತ್ರದ ಪಟ್ಟಿ ತಿದ್ದುತ್ತ, “ಆತು, ಅಕಿನ ಮಾಡ್ಲಿ. ಆದ್ರ ಪೌಡರ್ ಚೊಲೋತ್ನ್ಯಾಗ ಹಚ್ಚಿ ಕರಕೊಂಡ ಬರ್ರಿ,” ಅಂದರು.

ನಾಟಕದ ದಿನ ನಾನು ಹಚ್ಚಲಿಲ್ಲ. ಎಣ್ಣೆ ಸವರಿ ಕೂದಲು ಬಿಚ್ಚಿಬಿಟ್ಟೆ, ನಾನೇ ಹೊಲಿದ ಹಳದಿ ಲಂಗ ತೊಡಿಸಿದೆ.

ಅವಳು ರಂಗಕ್ಕೆ ಬಂದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. “ರಾಜಕುಮಾರಿ ಕರ್ರಗದಾಳಲೇ!” ಎಂಬ ಮಾತು ನನ್ನ ಕಿವಿಗೂ ಬಿತ್ತು. ಮಗಳು ತನ್ನ ಮೊದಲ ಮಾತಿನ ಅರ್ಧಕ್ಕೇ ನಿಂತಳು. ಆ ಸಾಲಿನ ಕಡೆಗೇ ನೋಡಿದಳು. ನಗು ಅಡಗುವವರೆಗೂ ಕದಲಲಿಲ್ಲ. ಆಮೇಲೆ ತನ್ನ ಮಾತನ್ನೇ ಮೊದಲಿನಿಂದ, ಇನ್ನೂ ಜೋರಾಗಿ ಹೇಳಿದಳು: “ಈ ಕಾಡಿಗೆ ನಾನೇ ರಾಣಿ. ದಾರಿ ಬಿಡು!”

ಮಾಟಗಾತಿಯಾಗಿದ್ದ ಹುಡುಗಿ ನಿಜವಾಗಿಯೂ ಬೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಚಪ್ಪಾಳೆ ಬಿತ್ತು. ಎಲ್ಲರೂ ತಟ್ಟಲಿಲ್ಲ. ತಟ್ಟದವರನ್ನೂ ನಾನು ನೋಡಿದೆ.

ಈ ವರ್ಷದ ನಾಟಕ ಚಂದ್ರಲೋಕದ ರಾಣಿಯದಂತೆ. ರಾಣಿ ಹಾಲಿನಂತೆ ಬೆಳ್ಳಗಿರಬೇಕು ಎಂದು ಟೀಚರು ಮೊದಲೇ ಹೇಳಿಬಿಟ್ಟಿದ್ದಾರೆ. ಮಗಳು ಆ ಪಾತ್ರಕ್ಕೇ ಕೈ ಎತ್ತಿ ಬಂದಿದ್ದಾಳೆ. ನಾನು ರಾಣಿಯ ಲಂಗಕ್ಕೆ ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ.