ಯೋಪ್ ಅಜ್ಜನ ಕಾರಿನ ವೈರು

ಒಗ್ಗರಣೆಗೆ ಹಾಕಿದ ಸಾಸಿವೆ ಇನ್ನೂ ಸಿಡಿದಿರಲಿಲ್ಲ, ಮನೆಯ ಕರೆಂಟು ಟಪ್ಪಂತ ಹೋಯಿತು.

“ರೀ, ಏನ್ ಮಾಡಿದ್ರಿ?” ಎಂದು ಅಡುಗೆಮನೆಯಿಂದಲೇ ಕೂಗಿದೆ. ಕರೆಂಟು ಹೋದರೆ ಕಾರಣ ಯಾರೆಂದು ಇಪ್ಪತ್ತೆರಡು ವರ್ಷದ ಸಂಸಾರ ನನಗೆ ಕಲಿಸಿದೆ.

ನಮ್ಮನೆಯವರ ಹೆಸರು ಗೋವಿಂದರಾಜು. ಇಲ್ಲಿ ಡಚ್ಚರ ನಾಡಿನಲ್ಲಿ, ವೆಲ್ಡ್‌ಹೋವನ್ ಊರಿನ ಚಿಪ್ ಯಂತ್ರದ ಕಂಪನಿಯಲ್ಲಿ ಕೆಲಸ. ಕೋಟಿಗಟ್ಟಲೆ ಬೆಲೆಯ ಯಂತ್ರದೊಳಗೆ ಕೂದಲೆಳೆಗಿಂತ ಸಣ್ಣ ದೋಷ ಹುಡುಕುವ ಮನುಷ್ಯ, ಮನೆಯಲ್ಲಿ ಮೂಗಿನ ಮುಂದಿರುವ ಉಪ್ಪಿನ ಡಬ್ಬಿ ಕಾಣದೆ “ಸರಳಾ...” ಎಂದು ರಾಗ ತೆಗೆಯುತ್ತಾರೆ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಹಾಗಿದ್ದರೆ ನಮ್ಮ ಮನೆಯ ಬಂಗಾರವೆಲ್ಲ ಇವರ ಹತ್ತಿರವೇ ಇದೆ. ಬೆಳ್ಳಿ ಪೂರ್ತಿ ನನ್ನದು.

ಸ್ವಲ್ಪ ಹೊತ್ತಿಗೆ ಒಳಗೆ ಬಂದರು. ಕೈಯಲ್ಲಿ ಮೊಬೈಲಿನ ಟಾರ್ಚು, ಮುಖದಲ್ಲಿ ಸೂತಕದ ಕಳೆ.

“ಹೀಟರ್ ವೈರು ಹೋಗಿದೆ ಕಣೇ. ಪ್ಲಗ್ ಹಾಕ್ದೆ, ಮೇನ್ ಟ್ರಿಪ್ ಆಯ್ತು.”

ಈ ವೈರಿನ ಕತೆ ಹೇಳಬೇಕಾದರೆ ಕಾರಿನಿಂದಲೇ ಶುರುಮಾಡಬೇಕು. ಇಪ್ಪತ್ತೇಳು ವರ್ಷದ ಡೀಸೆಲ್ ಕಾರು ಅದು. ಮೊದಲು ಪಕ್ಕದ ಮನೆಯ ಯೋಪ್ ಅಜ್ಜನದಾಗಿತ್ತು. ಅಜ್ಜ ನಾರ್ವೆಯಲ್ಲಿ ಬಹಳ ವರ್ಷ ದುಡಿದು, ವಾಪಸ್ಸು ಬರುವಾಗ ಅಲ್ಲಿಂದಲೇ ಓಡಿಸಿಕೊಂಡು ಬಂದಿದ್ದರು. ಅಲ್ಲಿನ ಚಳಿಗೆ ಎಂಜಿನ್ನೇ ಹೆಪ್ಪುಗಟ್ಟುತ್ತದಂತೆ. ಅದಕ್ಕೆ ಎಂಜಿನ್ನಿನ ಹೊಟ್ಟೆಯೊಳಗೆ ಒಂದು ಹೀಟರ್ ಇಟ್ಟು, ಅದರ ವೈರನ್ನು ಬಂಪರಿನ ಹತ್ತಿರ ಹೊರಗೆ ತಂದಿರುತ್ತಾರೆ. ಗಾಡಿ ತೆಗೆಯುವ ಎರಡು ಗಂಟೆ ಮುಂಚೆ ಮನೆಯ ಕರೆಂಟಿಗೆ ಸಿಕ್ಕಿಸಿದರೆ ಎಂಜಿನ್ನಿಗೆ ಬಿಸಿನೀರಿನ ಸ್ನಾನ ಮಾಡಿಸಿದ ಹಾಗೆ. ಈ ದೇಶದ ಚಳಿಗೆ ಯಾರೂ ಅದನ್ನು ಇಟ್ಟುಕೊಳ್ಳುವುದಿಲ್ಲ. ಯೋಪ್ ಅಜ್ಜ ಮಾತ್ರ ಚಳಿಗಾಲದ ಬೆಳಗ್ಗೆ ನೈಟ್ ಡ್ರೆಸ್ಸಿನ ಮೇಲೆ ಕೋಟು ಹಾಕಿಕೊಂಡು ಬಂದು ಪ್ಲಗ್ಗು ಸಿಕ್ಕಿಸುವುದನ್ನು ನಾವು ಕಿಟಕಿಯಿಂದ ನೋಡುತ್ತಿದ್ದೆವು.

ಅಜ್ಜ ತೀರಿಕೊಂಡ ಮೇಲೆ ಅವರ ಹೆಂಡತಿ ವಿಲ್ಲೆಮೀನ್ ಅಜ್ಜಿ ಕಾರನ್ನು ಇವರಿಗೇ ಕೊಟ್ಟರು. ಅಜ್ಜಿಗೆ ಡ್ರೈವಿಂಗ್ ಬರುವುದಿಲ್ಲ. ಕೀಲಿ ಕೊಡುವಾಗ ಒಂದು ಷರತ್ತು ಹಾಕಿದರು.

“ವರ್ಷಕ್ಕೆ ಒಂದು ದಿನ ಈ ಕಾರು ನನ್ನದು. ಜನವರಿ ಹದಿನಾರು, ಯೋಪ್ ಹುಟ್ಟಿದ ದಿನ. ಎಂಟು ಗಂಟೆಗೆ ಹೊರಟು ಸಮುದ್ರ ನೋಡಿ ಬರಬೇಕು. ಕಾರು ಬೆಚ್ಚಗಿರಬೇಕು, ಯೋಪ್ ಇಡುತ್ತಿದ್ದ ಹಾಗೆ.”

“ಆಯಿತು” ಎಂದರು ಇವರು. ಇವರು ಆಯಿತು ಎಂದರೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ. ನಾಲ್ಕು ಜನವರಿಗಳಲ್ಲಿ ರಜೆ ಹಾಕಿ, ಅಜ್ಜಿಯನ್ನು ಕೂರಿಸಿಕೊಂಡು ರಾಟರ್‌ಡ್ಯಾಮಿನ ಆಚೆ ಹೂಕ್ ಎಂಬ ಕಡಲತೀರದ ಊರಿಗೆ ಹೋಗಿ, ಹಡಗು ಒಳಗೆ ಬರುವುದನ್ನು ತೋರಿಸಿಕೊಂಡು ಬಂದಿದ್ದರು. ನಾನು ಒಂದು ಸಲವೂ ಹೋಗಿರಲಿಲ್ಲ. ಆ ಗಾಳಿಯಲ್ಲಿ ಸಮುದ್ರ ನೋಡುವುದು ಎಂಥ ಹುಚ್ಚು ಎಂದು ಮನೆಯಲ್ಲೇ ಹೊದ್ದು ಕೂತಿದ್ದೆ.

ಈ ಸಲದ ಹದಿನಾರು ಬೇರೆ ಥರದ್ದು. ಅಜ್ಜಿಗೆ ಎಂಬತ್ತಾರು. ಮೊಣಕಾಲು ಕೈಕೊಟ್ಟಿದೆ. ಮುಂದಿನ ವಾರ ಮಗಳು ಬಂದು ದೂರದ ಉತ್ತರದ ಊರಿಗೆ, ಒಂದು ವೃದ್ಧರ ಮನೆಗೆ ಸೇರಿಸುತ್ತಾಳೆ. ಇನ್ನು ಈ ಕಾರು, ಈ ಸಮುದ್ರ ಎರಡೂ ಇಲ್ಲ. ಕೊನೆಯ ಹದಿನಾರಕ್ಕೆ ನಾಲ್ಕು ದಿನ ಇರುವಾಗ ವೈರು ಹೋಗಿತ್ತು.

“ಹಳೇದಾಗಿ ರಬ್ಬರೆಲ್ಲ ಬಿರುಕು ಬಿಟ್ಟಿತ್ತು. ಅದರ ಮೇಲೆ ಯಾವುದೋ ಪ್ರಾಣಿ ಬಂದು ಚೆನ್ನಾಗಿ ಕಡಿದುಬಿಟ್ಟಿದೆ” ಎಂದರು ಇವರು.

ನಾನು ಸೌಟು ಕೆಳಗಿಟ್ಟೆ.

ನಮ್ಮಪ್ಪ ಮದ್ದೂರು ಮಳವಳ್ಳಿ ಲೈನಿನಲ್ಲಿ ಪ್ರೈವೇಟ್ ಬಸ್ಸಿನ ಡ್ರೈವರ್ ಆಗಿದ್ದವರು. ಆಯುಧಪೂಜೆಯ ದಿನ ಒಡೆದ ಕಾಯಿಯ ಮೊದಲ ಹೋಳನ್ನು ಎಂಜಿನ್ನಿನ ಮೇಲೆ ಇಡುತ್ತಿದ್ದರು. “ಹೊತ್ಕೊಂಡ್ ತಿರುಗೋದು ಅದು, ಮೊದಲ ತುತ್ತು ಅದಕ್ಕೇ” ಎನ್ನುತ್ತಿದ್ದರು. ಸಂಜೆ ಅದನ್ನು ತೆಗೆದು ನಮಗೆಲ್ಲ ಹಂಚುತ್ತಿದ್ದರು. ಹೋದ ಅಕ್ಟೋಬರಿನಲ್ಲಿ ನಾನೂ ಬಾನೆಟ್ ಎತ್ತಿ, ಕುಂಕುಮ ಹಚ್ಚಿದ ಒಂದು ಹೋಳು ಇಟ್ಟೆ. ಸಂಜೆ ತೆಗೆಯಲು ಮರೆತೆ. ಆಮೇಲೆ ನೆನಪಾಗಲೇ ಇಲ್ಲ. ಇವರ ಬಾಯಲ್ಲಿ ‘ಪ್ರಾಣಿ’ ಎಂಬ ಮಾತು ಬರುವ ತನಕ.

“ಈ ದೇಶದ ಪ್ರಾಣಿಗಳಿಗೆ ಮಾಡೋಕ್ ಬೇರೆ ಕೆಲಸ ಇಲ್ಲ!” ಎಂದು ಜೋರಾಗಿ ಬೈದು ಸಾರಿನ ಕಡೆ ತಿರುಗಿದೆ.

ಮಾರನೆಯ ದಿನದಿಂದ ವೈರಿನ ಬೇಟೆ. ಇಲ್ಲಿನ ಅಂಗಡಿಯವರಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿಲ್ಲ. ಆನ್‌ಲೈನಿನಲ್ಲಿ ತರಿಸಿದರೆ ಹತ್ತು ದಿನ. ಟೇಪು ಸುತ್ತಿ ಮುಗಿಸಿ ಎಂದೆ. “ಮೇನ್ ಕರೆಂಟು ಕಣೇ, ಕಾರಿನ ತಗಡಿಗೆ ಹರಿದ್ರೆ ಅಜ್ಜಿ ಕೈ ಇಡೋದು ಅದೇ ಬಾಗಿಲಿಗೆ” ಎಂದರು. ಕೊನೆಗೆ ರಾಟರ್‌ಡ್ಯಾಮಿನಲ್ಲಿರುವ ಶಹಬಾಜ್‌ಗೆ ಫೋನು ಮಾಡಿದರು. ಚನ್ನಪಟ್ಟಣದ ಹುಡುಗ, ಸ್ವೀಡನ್ ಕಡೆ ಲಾರಿ ಕಳಿಸುವ ಕಂಪನಿಯಲ್ಲಿ ಆಫೀಸು ಕೆಲಸ.

“ಗೋವಿಂದಣ್ಣ, ಫಿಕರ್ ಮಾಡ್ಬೇಡಿ. ವರ್ಕ್‌ಶಾಪಲ್ಲಿ ಒಬ್ಬ ಮುದುಕಪ್ಪ ಅವ್ನೆ, ಅವನ ಕಪಾಟಲ್ಲಿ ಇಲ್ದೇ ಇರೋದಿಲ್ಲ. ಹಳೇ ಪಿನ್ನಿನ ಫೋಟೋ ಕಳ್ಸಿ” ಎಂದ. ಒಂದು ಗಂಟೆಯಲ್ಲಿ “ಸಿಕ್ತು ಅಣ್ಣಾ, ಸೀಲು ಕೂಡ ಒಡೆದಿಲ್ಲ” ಎಂದು ವಾಪಸ್ಸು ಫೋನು ಮಾಡಿದ. ಹದಿನಾಲ್ಕರಂದು ಇವರು ಆಫೀಸಿನಿಂದ ಬೇಗ ಹೊರಟು, ಟ್ರೇನಿನಲ್ಲಿ ಹೋಗಿ ವೈರು ತಂದರು. ಮಗುವಿಗೆ ಸ್ವೆಟರ್ ತಂದವರಂತೆ ಜಾಕೆಟ್ಟಿನೊಳಗೆ ಇಟ್ಟುಕೊಂಡು ಬಂದಿದ್ದರು.

ಹದಿನೈದರ ಮಧ್ಯಾಹ್ನ ಬಾನೆಟ್ ಎತ್ತಿದರು. ಚಳಿ ಮೈನಸ್ ಎರಡು. ಟಾರ್ಚು ಹಿಡಿಯುವ ಸೇವೆ ನನ್ನದು.

“ಅಲ್ರೀ, ಈ ಹೀಟರ್ ಇಲ್ದೇ ಗಾಡಿ ಸ್ಟಾರ್ಟೇ ಆಗಲ್ವಾ?”

“ಆಗತ್ತೆ. ಸ್ವಲ್ಪ ಕೆಮ್ಮತ್ತೆ, ಅಷ್ಟೇ.”

“ಮತ್ತೆ ಇಷ್ಟೆಲ್ಲ ಯಾಕ್ರೀ? ರಾಟರ್‌ಡ್ಯಾಮಿಗೆಲ್ಲ ಓಡಿಹೋಗಿ...”

“ಟಾರ್ಚ್ ಸ್ವಲ್ಪ ಈ ಕಡೆ ಹಿಡಿ.”

ಇದಪ್ಪಾ ಉತ್ತರ! ನನಗೆ ಮೈಯೆಲ್ಲ ಉರಿಯಿತು. ಆದರೆ ತಪ್ಪು ಮಾಡಿದವಳು ನಾನು, ಹೆಚ್ಚು ಬಾಯಿ ಮಾಡುವ ಹಾಗಿರಲಿಲ್ಲ.

ಇವರು ಎಂಜಿನ್ನಿನ ಸಂದಿಗೆ ಕೈ ತೂರಿಸಿ, ಹೀಟರಿನ ಪಿನ್ನು ಬಿಡಿಸಿ, ಹಳೆಯ ವೈರನ್ನು ನಿಧಾನವಾಗಿ ಎಳೆದುಕೊಂಡು ಬಂದರು. ಹರಕು ವೈರಿನೊಳಗಿಂದ ತಾಮ್ರದ ಎಳೆಗಳು ಇಣುಕುತ್ತಿದ್ದವು. ಬ್ಯಾಟರಿಯ ಹಿಂದೆ ಅದು ಎಲ್ಲೋ ಸಿಕ್ಕಿಕೊಂಡಿತು. ಅಲ್ಲಿಗೆ ಬೆರಳು ಹಾಕಿ ತಡಕಿದರು. ವೈರಿನ ಜೊತೆ ಇನ್ನೊಂದು ವಸ್ತು ಹೊರಗೆ ಬಂತು. ಒಣಗಿದ ಕಾಯಿ ಹೋಳು. ಒಂದು ಮಗ್ಗುಲಲ್ಲಿ ಹಲ್ಲಿನ ಗುರುತು, ಇನ್ನೊಂದು ಮಗ್ಗುಲಲ್ಲಿ ಕುಂಕುಮ.

ಇವರು ಹೋಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರು ಏನೂ ಅಂದೇ ಇರಲಿಲ್ಲ, ನಾನು ಶುರು ಮಾಡಿಬಿಟ್ಟೆ.

“ಹೌದು, ನಾನೇ ಇಟ್ಟಿದ್ದು! ಮರ್ತೆ! ಅಪ್ಪ ಇಡ್ತಿದ್ರು ಅಂತ ಇಟ್ಟೆ. ಆ ಅಜ್ಜಿದು ಕೊನೇ ಸಲ, ಅದನ್ನೂ ಹಾಳು ಮಾಡಿದೆ. ಬೈಯ್ರಿ, ಸುಮ್ನೆ ನಿಂತ್ಕೋಬೇಡಿ, ಒಂದ್ಸಲನಾದ್ರೂ ಬೈದುಬಿಡಿ!” ಹೇಳುತ್ತಾ ಹೇಳುತ್ತಾ ಅಳು ಬಂತು. ಟಾರ್ಚಿನ ಬೆಳಕು ಎಲ್ಲೆಲ್ಲೋ ಹೋಯಿತು.

ಇವರು ಹೋಳಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. “ಪಾಪ, ಪ್ರಸಾದಕ್ಕೆ ಬಂದಿತ್ತು. ಬಾಯಿ ತಪ್ಪಿ ವೈರಿಗೆ ಹೋಗಿದೆ. ಮುಂದಿನ ಸಲ ಸಂಜೆ ಇಬ್ರೂ ನೆನಪಿಟ್ಕೊಂಡು ತೆಗೆಯೋಣ. ಈಗ ಟಾರ್ಚ್ ಹಿಡಿಯಮ್ಮ.”

ಹೊಸ ವೈರನ್ನು ಬೆಲ್ಟಿಗೆ ತಾಗದ ಹಾಗೆ, ಬಿಸಿ ಪೈಪಿನಿಂದ ದೂರ ಇರುವ ಹಾಗೆ ಹಾಯಿಸಿ, ಗೇಣಿಗೊಂದು ಪ್ಲಾಸ್ಟಿಕ್ ಪಟ್ಟಿ ಬಿಗಿದರು. ಪ್ಲಗ್ಗು ಸಿಕ್ಕಿಸಿದಾಗ ಮನೆಯ ದೀಪ ಆರಲಿಲ್ಲ. ಅರ್ಧ ಗಂಟೆ ಬಿಟ್ಟು ಎಂಜಿನ್ನಿನ ಮೇಲೆ ನನ್ನ ಕೈ ಇಡಿಸಿದರು. ಹಾಲು ಕಾಯಿಸಿದ ಪಾತ್ರೆಯಷ್ಟು ಬೆಚ್ಚಗಿತ್ತು.

“ನಾಳೆ ನಾನೂ ಬರ್ತೀನಿ” ಎಂದೆ.

ಹದಿನಾರರ ಬೆಳಗ್ಗೆ ಆರಕ್ಕೆ ಇವರು ಪೈಜಾಮದ ಮೇಲೆ ಕೋಟು ಹಾಕಿಕೊಂಡು ಹೋಗಿ ಪ್ಲಗ್ಗು ಸಿಕ್ಕಿಸಿ ಬಂದರು. ಎಂಟಕ್ಕೆ ಸರಿಯಾಗಿ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ನೀಲಿ ಕೋಟು, ತುಟಿಗೆ ಬಣ್ಣ, ಕೈಗೆ ದಪ್ಪ ಕೈಗವಸು. ಕತ್ತಲು ಇನ್ನೂ ಪೂರ್ತಿ ಹರಿದಿರಲಿಲ್ಲ, ಹುಲ್ಲಿನ ಮೇಲೆಲ್ಲ ಹಿಮ ಬಿಳಿಯಾಗಿತ್ತು. ಇವರು ತೋಳು ಹಿಡಿದು ಕರೆತಂದರು. ನಾನು ಹಿಂದಿನ ಸೀಟು ಹತ್ತಿದೆ. “ಖೋವಿಂದ್, ಈ ಸಲ ಹೆಂಡತಿಯೂ ಬಂದಳೇ!” ಎಂದು ಅಜ್ಜಿ ನಕ್ಕರು. ಇಲ್ಲಿನವರ ಬಾಯಲ್ಲಿ ಇವರ ಹೆಸರು ಹಾಗೇ, ಗಂಟಲು ಕೆರೆದುಕೊಂಡು ಹೊರಗೆ ಬರುತ್ತದೆ.

ಕೀಲಿ ತಿರುಗಿಸಿದರು. ಕೆಮ್ಮಲಿಲ್ಲ, ಕ್ಯಾಕರಿಸಲಿಲ್ಲ. ಮೊದಲ ಸಲಕ್ಕೇ ಗಾಡಿ ಸ್ಟಾರ್ಟ್ ಆಯಿತು. ಆ ಕ್ಷಣವೇ ಮುಂದಿನ ಕಿಂಡಿಗಳಿಂದ ಬಿಸಿಗಾಳಿ ಬಂತು.

ಅಜ್ಜಿ ಒಂದೊಂದೇ ಬೆರಳು ಬಿಡಿಸಿ ಕೈಗವಸು ಕಳಚಿದರು. ಅವರ ಬರಿಗೈಯನ್ನು ನಾನು ಅಷ್ಟು ಹತ್ತಿರದಿಂದ ಅಂದೇ ನೋಡಿದ್ದು. ವಾತದಿಂದ ಬೆರಳೆಲ್ಲ ಶುಂಠಿಯ ಹಾಗೆ ತಿರುಚಿಕೊಂಡಿದ್ದವು. ಎರಡೂ ಕೈಗಳನ್ನು ಬಿಸಿಗಾಳಿಗೆ ಒಡ್ಡಿ, ಕಣ್ಣು ಮುಚ್ಚಿಕೊಂಡರು. ಬೆರಳು ಮೆಲ್ಲಗೆ ಬಿಚ್ಚಿಕೊಳ್ಳುತ್ತಾ ಬಂದವು.

ಆಗ ನನಗೆ ತಿಳಿಯಿತು. ಎಂಜಿನ್ನು ಕಾಯಲಿ ಎಂದು ಆ ಅಜ್ಜ ಚಳಿಯಲ್ಲಿ ಎದ್ದು ಬರುತ್ತಿರಲಿಲ್ಲ. ಈ ಕೈಗಳು ಕಾಯಲಿ ಎಂದು ಬರುತ್ತಿದ್ದರು. ನಾನು ಕಿಟಕಿಯಿಂದ ನೋಡಿ ನಗುತ್ತಿದ್ದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಇವರಿಗೆ ಅಂದೇ ಗೊತ್ತಾಗಿತ್ತು.

“ದಾಂಕ್ ಯೆ, ಯೋಪ್” ಎಂದರು ಅಜ್ಜಿ, ಕಣ್ಣು ಮುಚ್ಚಿಕೊಂಡೇ. ಥ್ಯಾಂಕ್ಸ್, ಯೋಪ್.

ಗೇರಿನ ಮೇಲಿದ್ದ ಇವರ ಕೈ ಅಲ್ಲೇ ನಿಂತಿತು. ನಾನು ಯೋಪ್ ಅಲ್ಲ ಎಂದು ಇವರು ಹೇಳಲಿಲ್ಲ.

“ಅದಕ್ಕೇನಂತೆ, ವಿಲ್ಲೆಮೀನ್” ಎಂದು ಮೆಲ್ಲಗೆ ಡಚ್ಚಿನಲ್ಲಿ ಹೇಳಿ ಗೇರು ಹಾಕಿದರು.

ಹಿಂದಿನ ಸೀಟಿನಲ್ಲಿ ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಹೂಕ್ ಬರುವವರೆಗೆ, ಒಂದೂವರೆ ಗಂಟೆ, ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.